ಬಲಪಾದದ ಬಿಸಿ

ಬಂದವಳು ಕಾಫಿ ಲೋಟವನ್ನು ಎತ್ತಿ, ಒಮ್ಮೆ ಮೂಸಿ ನೋಡಿ, ತುಟಿಗೆ ತಾಗಿಸದೆ ಮೇಜಿನ ಮೇಲಿಟ್ಟುಬಿಟ್ಟಳು. ಬಾಗಿಲಿಗೆ ಬೆನ್ನು ಹಾಕಿ ಕೂರಲು ಒಪ್ಪದೆ ಕುರ್ಚಿಯನ್ನು ಗೋಡೆಗೆ ಒತ್ತರಿಸಿಕೊಂಡಿದ್ದಳು. ಕಾಫಿ ತಂದುಕೊಟ್ಟ ನಾದಿನಿಗೆ ಬೇಸರವಾಗಲಿಲ್ಲ, ಎದೆಯಲ್ಲಿ ಸಣ್ಣಗೆ ಅಳುಕು ಹುಟ್ಟಿತು. ಮನುಷ್ಯರು ಹೀಗೆ ಲೋಟ ಮೂಸುವುದನ್ನು ಅವಳು ಅದುವರೆಗೆ ಕಂಡಿರಲಿಲ್ಲ.

"ನಮ್ಮನೇಲಿ ಕಾಫಿಗೆ ಪುಡಿ ಬಿಟ್ಟು ಬೇರೇನೂ ಹಾಕಲ್ಲಮ್ಮ," ಅಂದರು ಅತ್ತಿಗೆ. "ಸಕ್ಕರೆ ಹಾಕೋಕೂ ಇವಳು ಹಿಂದೆಮುಂದೆ ನೋಡ್ತಾಳೆ. ಯಾರು ನಿಮಗೆ ಏನೋ ಬೆರೆಸಿ ಕುಡಿಸ್ತಿದ್ದಾರೆ ಅಂತ ನಿಮ್ಮ ಅನುಮಾನ?"

ಬಂದವಳ ಕಣ್ಣು ತುಂಬಿಕೊಂಡಿತು. "ನನ್ನ ಗಂಡ," ಅಂದಳು.

ಆ ಮನೆಯಲ್ಲಿದ್ದವರು ಇಬ್ಬರೇ ಹೆಂಗಸರು. ಅತ್ತಿಗೆ ವಿಮಾ ಕಂಪನಿಗಳಿಗಾಗಿ ಅಪಘಾತದ ಗಾಡಿಗಳನ್ನು ಪರೀಕ್ಷಿಸುತ್ತ ಅರ್ಧ ಆಯಸ್ಸು ಕಳೆದವರು. ಜಜ್ಜಿಹೋದ ತಗಡನ್ನು ನೋಡಿ, ಗಾಡಿ ತಾನಾಗಿ ಗುದ್ದಿತೋ ಯಾರಾದರೂ ಬೇಕೆಂದೇ ಗುದ್ದಿಸಿದರೋ ಎಂದು ಹೇಳಬಲ್ಲವರು. ನಿವೃತ್ತರಾದ ಮೇಲೂ ಜನರ ಬಾಯಲ್ಲಿ ಸರ್ವೇಯರಮ್ಮನಾಗಿಯೇ ಉಳಿದಿದ್ದರು; ತಲೆಬುಡ ಹತ್ತದ ಸಂಗತಿಗಳನ್ನು ಹೊತ್ತು ಒಬ್ಬರಲ್ಲ ಒಬ್ಬರು ಅವರ ಬಾಗಿಲು ತಟ್ಟುತ್ತಿದ್ದರು. ನಾದಿನಿ ಅವರ ಗಂಡನ ತಂಗಿ. ಫೋಟೋ ಸ್ಟುಡಿಯೋ ನಡೆಸಿ, ಮುಚ್ಚಿ, ಅಣ್ಣ ತೀರಿಕೊಂಡ ಮೇಲೆ ಅತ್ತಿಗೆಯ ಜೊತೆಗೇ ಉಳಿದವಳು. ಅತ್ತಿಗೆ ಹೋದಲ್ಲೆಲ್ಲ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಹಿಂದೆಯೇ ಹೋಗುತ್ತಿದ್ದಳು. ಹೆದರಿಕೆ ಅವಳ ಹುಟ್ಟುಗುಣ. ಆದರೂ ಒಂದು ಸಲವೂ ಮನೆಯಲ್ಲಿ ಉಳಿದವಳಲ್ಲ.

ಬಂದವಳು ಹಲ್ಲಿನ ವೈದ್ಯೆ. ಅವಳಪ್ಪ ಬಿಟ್ಟುಹೋದ ಒಂದು ಹಳೆಯ ಸ್ಪೋರ್ಟ್ಸ್ ಕಾರಿತ್ತು. ಇಬ್ಬರೇ ಕೂರಬಹುದಾದ, ತಲೆಯ ಮೇಲೆ ಎಳೆದುಕೊಳ್ಳುವ ಬಟ್ಟೆಯ ಹುಡ್ಡಿನ ಕಾರು. ಬೆಟ್ಟದ ರಸ್ತೆಯ ರೇಸುಗಳಲ್ಲಿ ಅಪ್ಪ ಅದನ್ನು ಓಡಿಸಿ ಹೆಸರು ಮಾಡಿದ್ದರು. ಅಪ್ಪ ಹೋದ ಮೇಲೆ ಅದರ ಎಂಜಿನ್ ಸೀಜ್ ಆಗಿ, ತಿರುಗದೆ ನಿಂತಿತು.

"ಬೇರೆ ಯಾವುದಾದ್ರೂ ಎಂಜಿನ್ ತಂದು ಕೂರಿಸಿಬಿಡಿ, ಖರ್ಚು ಕಡಿಮೆ ಅಂದ್ರು ಎಲ್ಲಾರೂ," ಅಂದಳು ವೈದ್ಯೆ. "ನಾನು ಒಪ್ಪಲಿಲ್ಲ. ಅಪ್ಪನ ಎಂಜಿನ್ನೇ ಬೇಕು, ಅದನ್ನೇ ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿಸಿ ಅಂದೆ. ಚಿಕ್ಕಪ್ಪ ಮುಂದೆ ನಿಂತು ಮಾಡಿಸಿದರು. ಅಪ್ಪನ ತಮ್ಮ, ನಮ್ಮನೆ ಹಿಂದಿನ ಔಟ್‌ಹೌಸಲ್ಲೇ ಇರ್ತಾರೆ. ಪಿಸ್ಟನ್ನು ವಿದೇಶದಿಂದ ತರಿಸಬೇಕು ಅಂದ್ರು, ತರಿಸಿ ಅಂದೆ. ಖರ್ಚು ಹೇಳಿದ್ದರ ಮೇಲೆ ಇಷ್ಟಾಯ್ತು, ಅದರ ಮೇಲೆ ಅಷ್ಟಾಯ್ತು. ನಮ್ಮೋರು ಮುಖ ಗಂಟಿಕ್ಕಿಕೊಂಡ್ರು, ಕಾರು ಮಾರಿಬಿಡು ಅಂತ ಶುರು ಹಚ್ಕೊಂಡ್ರು."

"ಎಂಜಿನ್ ಬಂದ ಮೇಲೆ ಗಾಡಿ ಹೇಗಿದೆ?"

"ಏರಲ್ಲಿ ಸ್ವಲ್ಪ ಭಾರ ಅನ್ನಿಸುತ್ತೆ. ಸದ್ದೂ ಬೇರೆ. ಹೊಸ ಪಿಸ್ಟನ್ನು, ಪಳಗಬೇಕು ಅಂತಾರೆ ಚಿಕ್ಕಪ್ಪ. ಬಾನೆಟ್ ಎತ್ತೋದು, ನೀರು ಎಣ್ಣೆ ನೋಡೋದು ಎಲ್ಲ ಅವರದೇ ಕೆಲಸ. ನನಗೆ ಓಡಿಸೋದು ಬಿಟ್ಟು ಏನೂ ಗೊತ್ತಿಲ್ಲ. ಮೊದಲ ಎರಡು ತಿಂಗಳು ಮಳೆ ಬಿಸಿಲು ಅನ್ನದೆ ಓಡಿಸಿದೀನಿ, ಏನೂ ಆಗಿರಲಿಲ್ಲ."

ಆಮೇಲೆ ಹಳೆಯ ಕಾರುಗಳ ಬೆಟ್ಟದ ರೇಸಿಗೆ ಕರೆ ಬಂದಿತ್ತು. ವೈದ್ಯೆ ಒಪ್ಪಿಕೊಂಡು ಹೆಸರು ಕೊಟ್ಟಳು. ರೇಸಿಗೆ ಮುಂಚೆ ಅಲ್ಲಿನವರು ಪ್ರತಿ ಗಾಡಿಯ ಬಾನೆಟ್ ತೆಗೆಸಿ, ಎಲ್ಲ ಮೂಲದ್ದೇ ಇದೆಯೇ ಎಂದು ಪರೀಕ್ಷಿಸುತ್ತಾರೆ. ಅದಾದರೆ ಮಾತ್ರ ಓಡಿಸಲು ಬಿಡುತ್ತಾರೆ. ಅವಳು ಬೆಳಗಿನ ಹೊತ್ತು ಬೆಟ್ಟದ ರಸ್ತೆಯಲ್ಲಿ ಅಭ್ಯಾಸ ಶುರುಮಾಡಿದಳು. ಗಂಡ ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಡುತ್ತಿದ್ದ.

"ಮೊದಲ ಸಲ ಹನಿ ಬೀಳ್ತಿತ್ತು, ಹುಡ್ ಎಳ್ಕೊಂಡು ಹೊರಟಿದ್ದೆ. ಅರ್ಧ ಬೆಟ್ಟ ಹತ್ತೋವಷ್ಟರಲ್ಲಿ ತಲೆ ಸಿಡಿಯೋಕೆ ಶುರುವಾಯ್ತು. ಎದೆ ಡಬಡಬ ಅಂತ ಹೊಡ್ಕೊಳ್ತು. ಆಮೇಲೆ..." ಅವಳ ದನಿ ಇಳಿಯಿತು. "ಪಕ್ಕದ ಸೀಟಲ್ಲಿ ಯಾರೋ ಕೂತಿದ್ದಾರೆ ಅನ್ನಿಸ್ತು. ತಿರುಗಿ ನೋಡೋ ಧೈರ್ಯ ಬರಲಿಲ್ಲ. ಎರಡನೇ ಸಲ ಚಳಿ ಅಂತ ಕಿಟಕಿ ಏರಿಸಿದ್ದೆ, ಅವತ್ತೂ ಹಾಗೇ ಆಯ್ತು. ನಡುವೆ ಒಂದು ದಿನ ಒಳ್ಳೆ ಬಿಸಿಲಿತ್ತು, ಹುಡ್ ಬಿಚ್ಚಿ ಹೋಗಿದ್ದೆ, ಅದೇ ಕಾಫಿ ಕುಡಿದೆ, ಏನೂ ಆಗಲಿಲ್ಲ. ಅವತ್ತು ಅವರು ಏನೂ ಬೆರೆಸಿಲ್ಲ ಅಂದ್ಕೊಂಡೆ. ಮೂರನೇ ಸಲ ಮಾತ್ರ..."

ಮೂರನೆಯ ಸಲ ಅವಳಿಗೆ ಎಚ್ಚರವಾದಾಗ ರಸ್ತೆಬದಿಯ ಹುಲ್ಲಿನ ಮೇಲಿದ್ದಳು. ಕಾರಿನ ಮುಂದಿನ ಚಕ್ರ ಅಂಚಿನ ಕಲ್ಲು ದಾಟಿ ಕಣಿವೆಯ ಮೇಲೆ ನೇತಾಡುತ್ತಿತ್ತು. ಹಿಂದೆ ಬರುತ್ತಿದ್ದ ಲಾರಿಯವನು ಅವಳನ್ನು ಎಳೆದು ಹಾಕಿದ್ದ. ಊರಿಗೆ ಬಂದು ಆಸ್ಪತ್ರೆ ಸೇರುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಮತ್ತಿನ ಮದ್ದೇನಾದರೂ ಹೊಟ್ಟೆ ಸೇರಿದೆಯೇ ಎಂದು ರಕ್ತ ನೋಡಿದರು, ಏನೂ ಸಿಗಲಿಲ್ಲ. ಆದರೆ ಅದೇ ವಾರ ಗಂಡನ ಮೇಜಿನ ಖಾನೆಯಲ್ಲಿ ಅವಳಿಗೆ ನಿದ್ದೆಮಾತ್ರೆಯ ಪಟ್ಟಿ ಸಿಕ್ಕಿತ್ತು.

"ಕಾರಲ್ಲಿ ಏನಾದ್ರೂ ವಾಸನೆ?"

"ಹಳೇ ಗಾಡಿ, ಪೆಟ್ರೋಲು ಎಣ್ಣೆ ವಾಸನೆ ಯಾವಾಗ್ಲೂ ಇರುತ್ತೆ. ಆ ಗಾಡೀಲಿ ಕೂತ್ರೆ ಮೊದಲೆಲ್ಲ ಜೀವಕ್ಕೆ ಹಾಯ್ ಅನ್ನಿಸ್ತಿತ್ತು. ಚಿಕ್ಕವಳಿದ್ದಾಗ ಅಪ್ಪನ ಪಕ್ಕ, ಎಡಗಡೆ ಸೀಟಲ್ಲಿ ಕೂರ್ತಿದ್ದೆ. ಚಳಿಗಾಲದಲ್ಲೂ ಪಾದ ಬೆಚ್ಚಗಿರ್ತಿತ್ತು, ಚಪ್ಪಲಿ ಬಿಚ್ಚಿ ತಗಡಿಗೆ ಕಾಲು ಒತ್ಕೊಂಡು ಹಾಗೇ ನಿದ್ದೆ ಹೋಗ್ತಿದ್ದೆ. ಈಗ ಆ ಗಾಡಿ ನೆನೆಸ್ಕೊಂಡ್ರೆ ಬೆವರು ಬರುತ್ತೆ. ಬಲಗಾಲು ಸುಡೋ ಥರ ಆಗುತ್ತೆ, ಅದೂ ಭ್ರಮೆಯೋ ಏನೋ. ಚಿಕ್ಕಪ್ಪ ಅಂತೂ ಭ್ರಮೆ ಅಂತಲೇ ಹೇಳ್ತಾರೆ."

ಅತ್ತಿಗೆ ಅವಳು ಬಾಗಿಲಲ್ಲಿ ಬಿಟ್ಟಿದ್ದ ಬಲಗಾಲಿನ ಬೂಟನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಒಳಬದಿಯ ರಬ್ಬರು ಒಂದೆಡೆ ಮೆತ್ತಗಾಗಿ ಹೊಳಪು ಹತ್ತಿತ್ತು. "ಜಖಂ ನೋಡೋಕೆ ವಿಮೆಯವರು ಬರ್ತಾರೆ ಅಂತ ಮನೇಲಿ ಹೇಳಿರಿ," ಅಂದರು. "ಕಾರನ್ನ ಮಾತ್ರ ಯಾರೂ ಓಡಿಸಬೇಡಿ."

ಮೊದಲು ಅತ್ತಿಗೆ ನಾದಿನಿ ಇಬ್ಬರೂ ಹೋದದ್ದು ಎಂಜಿನ್ ಕಟ್ಟಿದವರ ಬಳಿಗೆ. ಊರಿನ ಹಿಂಬದಿಯ ಬೀದಿಯಲ್ಲಿ, ತಗಡಿನ ಚಾವಣಿಯ ಕೆಳಗೆ, ಬಿಚ್ಚಿಹಾಕಿದ ಎಂಜಿನ್ನುಗಳ ನಡುವೆ ಕನ್ನಡಕ ಹಣೆಗೇರಿಸಿಕೊಂಡು ಕೂತಿದ್ದವರನ್ನು ಎಲ್ಲರೂ ಪಿಸ್ಟನ್ ಮಾಮ ಅಂತ ಕರೆಯುತ್ತಿದ್ದರು. ವೈದ್ಯೆಯ ಹೆಸರೆತ್ತಿದ ಕೂಡಲೇ ಮುಖ ಬಿಗಿಯಿತು.

"ಖರ್ಚು ಜಾಸ್ತಿ ಮಾಡಿದೆ ಅಂತ ನನ್ನ ಮೇಲೆ ಹೇಳ್ಕೊಂಡು ತಿರುಗ್ತಿದ್ದಾರಂತೆ," ಅಂದರು. "ಎಂಜಿನ್ ಕೆಲಸ ಅಂದ್ರೆ ಹೀಗೇ ಮೇಡಂ. ಬಿಚ್ಚೋ ತನಕ ಒಂದು ಲೆಕ್ಕ, ಬಿಚ್ಚಿದ ಮೇಲೆ ಇನ್ನೊಂದು. ಸಿಲಿಂಡರಿಗೆ ಬೋರ್ ಹೊಡೆಸಿದ್ರೆ ಪಿಸ್ಟನ್ ಬದಲಾಯಿಸ್ಬೇಕು, ಕ್ರ್ಯಾಂಕ್ ಉಜ್ಜಿಸಿದ್ರೆ ಬೇರಿಂಗ್ ಬೇರೆ ಬೇಕು. ಆದ್ರೂ ನಾನು ಹೆಚ್ಚೇನೂ ತಗೊಂಡಿಲ್ಲ. ಸಾಮಾನೆಲ್ಲ ಇಲ್ಲೇ, ಪಕ್ಕದ ಬೀದೀಲೇ ಸಿಕ್ತು."

"ಗಾಡಿಗೆ ಕೂರಿಸಿದ ಮೇಲೆ ಓಡಿಸಿ ನೋಡಿದ್ರಾ?"

"ಗಾಡಿ ನಾನು ಕಣ್ಣಲ್ಲೂ ಕಂಡಿಲ್ಲ. ಎಂಜಿನ್ ಲಾರೀಲಿ ಬಂತು, ಕಟ್ಟಿದೆ, ಲಾರೀಲೇ ಹೋಯ್ತು. ಕೂರಿಸಿದ್ದೆಲ್ಲ ಆ ಚಿಕ್ಕಪ್ಪನೇ. ಅಣ್ಣನ ಗಾಡಿಗೆ ಇನ್ನೊಬ್ಬರ ಕೈ ತಾಗಬಾರದು ಅಂದ್ರು."

ಹೊರಗೆ ಬಂದ ಮೇಲೆ ನಾದಿನಿ ಕೇಳಿದಳು: "ಅತ್ತಿಗೆ, ಇವನೇ ಏನಾದ್ರೂ ಬ್ರೇಕು ಗೀಕು ಕೆಡಿಸಿದ್ನಾ? ಕೋಪ ಇದೆ ಇವನಿಗೆ."

"ಬ್ರೇಕು ಕೆಟ್ರೆ ತಲೆ ಸಿಡಿಯಲ್ಲ," ಅಂದರು ಅತ್ತಿಗೆ.

ವೈದ್ಯೆಯ ಮನೆ ತಲುಪುವಾಗ ಮೋಡ ಕವಿದಿತ್ತು. ಬಾಗಿಲು ತೆರೆದವರು ಅವಳ ಗಂಡ, ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ಮೇಷ್ಟ್ರು. ಕಣ್ಣ ಕೆಳಗೆ ಕಪ್ಪುಗಟ್ಟಿತ್ತು. ವಿಮೆಯವರೆಂದು ಹೇಳಿದರೂ ಅವರ ನೋಟದಲ್ಲಿ ಏನೋ ಕಳವಳ. "ಆ ಕಾರಿಗೆ ವಿಮೆ ಕೊಡ್ಬೇಡಿ ಮೇಡಂ," ಅಂದರು ಮೆಲ್ಲಗೆ. "ಕೊಟ್ರೆ ಮತ್ತೆ ರಿಪೇರಿ ಮಾಡಿಸ್ತಾಳೆ. ಅದು ಮನೇಲಿರೋವರೆಗೆ ನನಗೆ ನೆಮ್ಮದಿ ಇಲ್ಲ." ನಾದಿನಿಗೆ ಆ ಮಾತು ಹಿಡಿಸಲಿಲ್ಲ. ಅವರು ಕೊಟ್ಟ ನೀರನ್ನೂ ಅವಳು ಕುಡಿಯಲಿಲ್ಲ.

ಹಿತ್ತಲಿನ ಶೆಡ್ಡಿನ ಬಳಿ ಚಿಕ್ಕಪ್ಪ ಎದುರಾದರು. ತೆಳ್ಳಗಿನ ಆಳು, ಬಿಳಿ ಮೀಸೆ, ನಗುಮುಖ. ನಾದಿನಿಗೆ ಅವರನ್ನು ಕಂಡ ಕೂಡಲೇ ಧೈರ್ಯ ಬಂತು. ಅಣ್ಣನ ರೇಸಿನ ದಿನಗಳನ್ನು ನೆನೆಯುತ್ತ, ಶೆಡ್ಡಿನ ಗೋಡೆಯ ಮೇಲೆ ಸಾಲಾಗಿ ತೂಗುಹಾಕಿದ್ದ, ನಟ್ಟು ಬಿಗಿಯುವ ಪಾನಾಗಳನ್ನು ತೋರಿಸುತ್ತ, ಅವರು ಇಬ್ಬರನ್ನೂ ಒಳಗೆ ಕರೆದುಕೊಂಡು ಹೋದರು. ಕಡುಕೆಂಪು ಕಾರು ಮೂಗು ಜಜ್ಜಿಸಿಕೊಂಡು ನಿಂತಿತ್ತು.

"ಬಾನೆಟ್ ಎತ್ತಬಹುದಾ?" ಕೇಳಿದರು ಅತ್ತಿಗೆ.

"ಗುದ್ದಿದ್ದಕ್ಕೆ ಕೊಂಡಿ ಬಾಗಿ ಸಿಕ್ಕಿಹಾಕ್ಕೊಂಡಿದೆ. ನಾನೇ ನಿಧಾನಕ್ಕೆ ನೇರ ಮಾಡ್ತೀನಿ, ಬಲವಂತ ಮಾಡಿದ್ರೆ ಬಣ್ಣ ಹೋಗುತ್ತೆ."

"ನಿಮ್ಮಣ್ಣನ ಮಗಳಿಗೆ ಆಗ್ತಿರೋದಕ್ಕೆ ಏನು ಕಾರಣ ಅಂತೀರಿ? ರೇಸ್ ಗಾಡಿಗಳ ಜೊತೆ ಇಷ್ಟು ವರ್ಷ ಕಳೆದೋರು ನೀವು."

ಚಿಕ್ಕಪ್ಪ ನಿಟ್ಟುಸಿರು ಬಿಟ್ಟರು. "ಗಾಡಿಗೂ ಅದಕ್ಕೂ ಏನು ಸಂಬಂಧ? ಅಪ್ಪನ ನೆನಪು, ನರದ ದೌರ್ಬಲ್ಯ. ಹೆಂಗಸು, ಮನಸ್ಸು ಸೂಕ್ಷ್ಮ. ರೇಸು ಬಿಟ್ಟು ಮನೇಲಿ ಆರಾಮಾಗಿರು ಅಂತ ನಾನೂ ಹೇಳಿ ಹೇಳಿ ಸೋತೆ."

ಎಂಜಿನ್ ಶುರುಮಾಡಿ, ಸದ್ದು ಕೇಳಬೇಕು ಅಂದರು ಅತ್ತಿಗೆ. ಮನೆಯಿಂದ ಹಿಂದೆಯೇ ಬಂದಿದ್ದ ವೈದ್ಯೆ ಕೀಲಿ ತಿರುಗಿಸಿ, ಎಂಜಿನ್ ಹತ್ತಿಕೊಂಡ ತಕ್ಷಣ ಇಳಿದುಬಿಟ್ಟಳು. ಅತ್ತಿಗೆ ಬಗ್ಗಿ, ಕಿವಿಗೊಟ್ಟು, ಸುತ್ತ ಒಂದು ಸುತ್ತು ಬಂದರು. "ಆಫ್ ಮಾಡಬೇಡಿ, ಸ್ವಲ್ಪ ಬಿಸಿಯಾಗಲಿ. ಅಲ್ಲೀತನಕ ನಿಮ್ಮ ಅಡುಗೆಮನೆ ತೋರಿಸಿ," ಅಂದರು. ನಾದಿನಿಗೆ, "ಬಾಗಿಲು ತೆರೆದಿಟ್ಟು ಒಳಗಿನ ಫೋಟೋ ತೆಗೆದಿಡು. ಕಾಲಿಡೋ ಜಾಗ, ಡ್ಯಾಶ್‌ಬೋರ್ಡಿನ ಕೆಳಗೆ, ಎಲ್ಲಾ," ಎಂದು ಹೇಳಿ ವೈದ್ಯೆಯ ಜೊತೆ ನಡೆದರು. ಚಿಕ್ಕಪ್ಪ ಔಟ್‌ಹೌಸಿನ ಕಡೆ ಹೊರಟಿದ್ದರು.

ಶೆಡ್ಡಿನ ಒಂದು ಬದಿಗೆ ಗೋಡೆ ಇರಲಿಲ್ಲ. ಮಳೆ ಶುರುವಾಗಿ ಎರಚಲು ಒಳಗೇ ಬರತೊಡಗಿತು. ನಾದಿನಿ ಕ್ಯಾಮೆರಾ ನೆನೆಯದಿರಲೆಂದು ಕಾರಿನೊಳಗೆ ಕೂತು ಬಾಗಿಲು ಹಾಕಿಕೊಂಡು ಗಾಜು ಏರಿಸಿದಳು. ಹುಡ್ ಮೊದಲೇ ಹಾಕಿತ್ತು. ಪೆಡಲುಗಳ ಹಿಂದೆ ಬಗ್ಗಿ ಫ್ಲ್ಯಾಶ್ ಹೊಡೆದು ಒಂದಾದ ಮೇಲೊಂದು ಫೋಟೋ ತೆಗೆದಳು. ಬಗ್ಗಿ ಬಗ್ಗಿ ತಲೆ ಭಾರವಾದಂತಾಯಿತು. ನೆಟ್ಟಗೆ ಕೂತರೂ ಭಾರ ಇಳಿಯಲಿಲ್ಲ. ಹಣೆಯ ಎರಡೂ ಬದಿಗೆ ಯಾರೋ ಹೆಬ್ಬೆರಳು ಇಟ್ಟು ಒತ್ತಿದ ಹಾಗೆ.

ಎದೆ ಹೊಡೆದುಕೊಳ್ಳತೊಡಗಿತು. ಸುಮ್ಮನೆ ಹೆದರಿಕೆ ಅಂದುಕೊಂಡಳು; ಹೆದರಿಕೆ ಅವಳಿಗೆ ಹೊಸದಲ್ಲ. ಆದರೆ ಇದು ಅವಳಿಗೆ ಗೊತ್ತಿದ್ದ ಹೆದರಿಕೆಯಾಗಿರಲಿಲ್ಲ. ಅವಳದು ಯಾವಾಗಲೂ ಏನಾದರೂ ಕಂಡು ಹುಟ್ಟುತ್ತಿತ್ತು, ಇದಕ್ಕೆ ಮುಖವೇ ಇರಲಿಲ್ಲ. ಪಕ್ಕದ ಸೀಟಿನ ಚರ್ಮ ಕಿರ್ ಎಂದಂತಾಯಿತು. ಅಲ್ಲಿ ಯಾರೋ ಇದ್ದಾರೆ ಅನ್ನಿಸಿತು. ತಿರುಗಬಾರದು, ತಿರುಗಿದರೆ ಅವರೂ ತಿರುಗುತ್ತಾರೆ. ಇಳಿದು ಓಡಬೇಕು ಅಂದುಕೊಂಡಳು. ಬಾಗಿಲಿನ ಹಿಡಿಕೆ ಕಣ್ಣೆದುರೇ ಇತ್ತು, ಆದರೆ ಕೈ ಅವಳ ಮಾತು ಕೇಳಲಿಲ್ಲ. ತೊಡೆಯ ಮೇಲೆ ಬೇರೆಯವರ ಕೈಯ ಹಾಗೆ ಬಿದ್ದಿತ್ತು. ಅತ್ತಿಗೆ ಎಂದು ಕೂಗಿದ್ದು ಬಾಯಿಂದ ಹೊರಗೆ ಬರಲಿಲ್ಲ.

ಗಾಜಿನಾಚೆ ಒಂದು ಮುಖ ಕಂಡಿತು. ಬಿಳಿ ಮೀಸೆ. ಆ ಮುಖ ಅವಳನ್ನು ನೋಡಿ ಒಂದು ಗಳಿಗೆ ಹಾಗೆಯೇ ನಿಂತಿತು. ಆ ಒಂದು ಗಳಿಗೆಯನ್ನು ನಾದಿನಿಗೆ ಮುಂದೆ ಎಷ್ಟೋ ದಿನ ಮರೆಯಲಾಗಲಿಲ್ಲ. ಆಮೇಲೆ ಬಾಗಿಲು ತೆರೆಯಿತು, ಎಂಜಿನ್ ನಿಂತಿತು, ಯಾರೋ ಅವಳ ತೋಳು ಹಿಡಿದು ಎಳೆದು ಮಳೆಯಲ್ಲಿ ನೆಲಕ್ಕೆ ಮಲಗಿಸಿದರು. "ಗಾಳಿ ಬರಲಿ, ಗಾಳಿ. ಆ ಕಡೆ ಬಾಗಿಲೂ ತೆಗೀರಿ. ಯಾರೂ ಒಳಗೆ ತಲೆ ಹಾಕ್ಬೇಡಿ," ಎಂದು ಚಿಕ್ಕಪ್ಪ ಕೂಗುತ್ತಿದ್ದುದು ದೂರದಿಂದ ಕೇಳಿಸಿತು. ಓಡಿಬಂದ ಅತ್ತಿಗೆಯ ಮುಖ ಸುಣ್ಣದ ಹಾಗೆ ಬಿಳುಚಿಕೊಂಡಿತ್ತು. ಅತ್ತಿಗೆಯನ್ನು ಆ ಬಣ್ಣದಲ್ಲಿ ನಾದಿನಿ ಅದುವರೆಗೆ ನೋಡಿರಲಿಲ್ಲ.

ಆಸ್ಪತ್ರೆ ಹತ್ತಿರವೇ ಇತ್ತು. ಏನನ್ನು ಹುಡುಕಬೇಕೆಂದು ಅತ್ತಿಗೆಯೇ ಹೇಳಿ, ಕೂಡಲೇ ರಕ್ತ ತೆಗೆಸಿದರು. ರಾತ್ರಿಯೆಲ್ಲ ಮೂಗಿಗೆ ಆಮ್ಲಜನಕದ ಕೊಳವೆ ಇಟ್ಟುಕೊಂಡು ಮಲಗಿದ ನಾದಿನಿ ಬೆಳಗಾದ ಮೇಲೆ ಮನೆಗೆ ಹೋಗು ಅಂದರೂ ಕೇಳಲಿಲ್ಲ. ಅತ್ತಿಗೆಯ ಕೈ ಹಿಡಿದು ಮತ್ತೆ ಆ ಶೆಡ್ಡಿಗೇ ಬಂದಳು. ಕಾರಿನಿಂದ ಆದಷ್ಟು ದೂರ, ಹೊರಗಾಳಿ ಬೀಸುವ ಬದಿಯಲ್ಲಿ ಸ್ಟೂಲು ಹಾಕಿಸಿಕೊಂಡು ಕೂತಳು.

ಮೇಷ್ಟ್ರು, ವೈದ್ಯೆ, ಚಿಕ್ಕಪ್ಪ ಅಲ್ಲಿದ್ದರು. ಅತ್ತಿಗೆ ಪಿಸ್ಟನ್ ಮಾಮನನ್ನೂ ಕರೆಸಿದ್ದರು.

"ಮೊದಲು ಕಾಫಿ ವಿಷಯ ಮುಗಿಸೋಣ," ಎಂದು ಶುರುಮಾಡಿದರು ಅತ್ತಿಗೆ. "ಇವಳು ನಿನ್ನೆ ಈ ಮನೇಲಿ ನೀರನ್ನೂ ಮುಟ್ಟಿಲ್ಲ. ಆದ್ರೂ ಡಾಕ್ಟರಮ್ಮನಿಗೆ ಆಗಿದ್ದೆಲ್ಲ ಇವಳಿಗೂ ಆಯ್ತು. ತಲೆ ಸಿಡಿತ, ಎದೆ ಬಡಿತ, ಪಕ್ಕದಲ್ಲಿ ಯಾರೋ ಕೂತ ಹಾಗೆ. ಇವಳ ರಕ್ತದಲ್ಲಿ ಕಾರ್ಬನ್ ಮಾನಾಕ್ಸೈಡ್ ಸಿಕ್ಕಿದೆ. ಎಂಜಿನ್ನಿನ ಹೊಗೆ ಜೊತೆ ಬರೋ ವಿಷದ ಗಾಳಿ. ಅದಕ್ಕೆ ಬಣ್ಣ ಇಲ್ಲ, ವಾಸನೇನೂ ಇಲ್ಲ. ಹುಡ್ ಹಾಕಿ ಕಿಟಕಿ ಮುಚ್ಚಿದ ದಿನ ಡಾಕ್ಟರಮ್ಮನಿಗೆ ಹಾಗಾಗ್ತಿತ್ತು, ಹುಡ್ ಬಿಚ್ಚಿದ ದಿನ ಆಗಲಿಲ್ಲ. ಕಾಫಿ ಎರಡೂ ದಿನ ಒಂದೇ. ಕಣಿವೆ ಅಂಚಿನಿಂದ ಎಳೆದು ಹಾಕಿದ ಮೇಲೆ ಮಧ್ಯಾಹ್ನದ ತನಕ ಒಳ್ಳೆ ಗಾಳಿ ಕುಡಿದಿದ್ರು, ಆಸ್ಪತ್ರೆಯವರು ಹುಡುಕಿದ್ದೂ ಬೇರೆಯದನ್ನ. ಅದಕ್ಕೇ ಏನೂ ಸಿಗಲಿಲ್ಲ."

ಮೇಷ್ಟ್ರು ಹೆಂಡತಿಯ ಕಡೆ ನೋಡಿದರು. "ಕಾಫಿ ಅಂದ್ರೆ? ನನ್ನ ಕಾಫಿಯಾ?"

ವೈದ್ಯೆ ತಲೆ ತಗ್ಗಿಸಿದಳು. ಅತ್ತಿಗೆ ಅವಳಿಗೆ ಉತ್ತರಿಸಲು ಬಿಡುವು ಕೊಡದೆ ಮೇಷ್ಟ್ರ ಕಡೆ ತಿರುಗಿ ಮುಂದುವರಿದರು. "ನಿಮ್ಮ ಮೇಜಿನ ಖಾನೇಲಿದ್ದ ಆ ಮಾತ್ರೆ ನಿಮ್ಮ ನಿದ್ದೆಗೆ ಅಂತ ಬರೆದುಕೊಟ್ಟ ವೈದ್ಯರೇ ನನಗೆ ಹೇಳಿದ್ರು. ಹೆಂಡತಿ ಆ ಕಾರಲ್ಲಿ ಸಾಯ್ತಾಳೆ ಅಂತ ರಾತ್ರಿ ಇಡೀ ಎದ್ದಿರ್ತೀನಿ ಅಂದಿದ್ರಂತೆ ನೀವು. ಸರಿ, ಈಗ ಹೊಗೆ ಒಳಗೆ ಹೇಗೆ ಬಂತು?"

ಅವರು ನಾದಿನಿ ತೆಗೆದ ಫೋಟೋವನ್ನು ಎಲ್ಲರಿಗೂ ತೋರಿಸಿದರು. ಪೆಡಲುಗಳ ಮೇಲೆ, ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಗಡಿನಲ್ಲಿ, ಬೆರಳು ತೂರುವಷ್ಟು ದುಂಡಗಿನ ತೂತು. ತಗಡೆಲ್ಲ ಮಸಿ ಹಿಡಿದಿತ್ತು. ಆ ತೂತಿನ ಸುತ್ತ ಮಾತ್ರ ಉಂಗುರದಷ್ಟು ಅಗಲಕ್ಕೆ ತಗಡು ಶುಭ್ರವಾಗಿತ್ತು.

"ಅಲ್ಲೊಂದು ರಬ್ಬರ್ ಬಿರಡೆ ಇತ್ತು," ಅಂದರು ಅತ್ತಿಗೆ. "ಅದು ಕೂತಿದ್ದ ಕಡೆ ಮಾತ್ರ ಮಸಿ ಹತ್ತಿಲ್ಲ. ಮೊದಲ ಎರಡು ತಿಂಗಳು ಮಳೆಯಲ್ಲಿ ಮುಚ್ಚಿಕೊಂಡು ಓಡಿಸಿದ್ರೂ ಏನೂ ಆಗದೇ ಇದ್ದದ್ದು ಅದು ಇದ್ದದ್ದಕ್ಕೇ. ಆಮೇಲೆ ಅದನ್ನ ಯಾರೋ ಕಿತ್ತಿದ್ದಾರೆ. ಕಿತ್ತದ್ದು ಯಾವಾಗ? ರೇಸಿಗೆ ಹೆಸರು ಕೊಟ್ಟ ಮೇಲೆ. ರೇಸಲ್ಲಿ ಏನು ಮಾಡ್ತಾರೆ? ಬಾನೆಟ್ ತೆಗೆಸಿ ಎಂಜಿನ್ ನೋಡ್ತಾರೆ. ಮಾಮ, ಆ ಬಾನೆಟ್ ಎತ್ತಿ."

"ಕೊಂಡಿ ಬಾಗಿದೆ ಅಂದ್ನಲ್ಲ," ಅಂದರು ಚಿಕ್ಕಪ್ಪ.

ಪಿಸ್ಟನ್ ಮಾಮ ಕಬ್ಬಿಣದ ಪಟ್ಟಿ ಕೊಟ್ಟು ಮೀಟುವ ಮೊದಲೇ ಬಾನೆಟ್ ಸಲೀಸಾಗಿ ಎದ್ದುಬಂತು. ಕೊಂಡಿಗೆ ಏನೂ ಆಗಿರಲಿಲ್ಲ. ಮಾಮ ಒಳಗೆ ಬಗ್ಗಿ ನೋಡಿ, ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿಕೊಂಡು ಮತ್ತೆ ನೋಡಿದರು.

"ಇದು ನಾನು ಕಟ್ಟಿದ್ದೇ," ಅಂದರು. "ಆದ್ರೆ ಇದು ವ್ಯಾನಿನ ಎಂಜಿನ್ನು. ಅದೇ ಕಂಪನಿಯ ಹಳೇ ವ್ಯಾನಿಂದು. ಇವರಣ್ಣನ ಗಾಡಿ ವ್ಯಾನೇ ಇರ್ಬೇಕು ಅಂದ್ಕೊಂಡು ಕಟ್ಟಿದ್ದೆ. ಇದನ್ನ ಈ ಕಾರಿಗೆ ಯಾಕೆ ತುರುಕಿದ್ರಿ?"

ವೈದ್ಯೆ ಚಿಕ್ಕಪ್ಪನ ಕಡೆ ತಿರುಗಿದಳು.

"ಡಾಕ್ಟರಮ್ಮ ಅದನ್ನ ಮೊದಲ ದಿನವೇ ನನಗೆ ಹೇಳಿದ್ರು, ಅವರಿಗೇ ಗೊತ್ತಿಲ್ಲದೆ," ಅಂದರು ಅತ್ತಿಗೆ. "ಅಪ್ಪನ ಕಾಲದಲ್ಲಿ ಎಡಗಡೆ ಕೂತೋರ ಪಾದ ಬೆಚ್ಚಗಿರ್ತಿತ್ತು. ಅಂದ್ರೆ ಹೊಗೆ ಕೊಳವೆ ಎಡಕ್ಕಿತ್ತು. ಈಗ ಓಡಿಸೋರ ಬಲಪಾದ ಸುಡುತ್ತೆ, ಬೂಟಿನ ರಬ್ಬರ್ ಕರಗಿದೆ. ಎಂಜಿನ್ ಬಿಚ್ಚಿ ಕಟ್ಟಿದ್ರೆ ಕೊಳವೆ ಎಡದಿಂದ ಬಲಕ್ಕೆ ಬರಲ್ಲ. ಎಂಜಿನ್ನೇ ಬೇರೆಯಾಗಿರಬೇಕು. ಏರಲ್ಲಿ ಭಾರ ಅನ್ನಿಸಿದ್ದು, ಸದ್ದು ಬೇರೆಯಾದದ್ದು, ವಿದೇಶದಿಂದ ಬರಬೇಕಿದ್ದ ಪಿಸ್ಟನ್ ಪಕ್ಕದ ಬೀದೀಲಿ ಸಿಕ್ಕಿದ್ದು, ಎಲ್ಲಾ ಅದಕ್ಕೇ ಹೊಂದುತ್ತೆ. ಒಂದು ಗಾಡಿಯ ಎಂಜಿನ್ ಇನ್ನೊಂದಕ್ಕೆ ಇಟ್ರೆ ಅಲ್ಲಿಗೆ ಮುಗಿಯಲ್ಲ. ಅದನ್ನ ಹೊರೋ ಮೌಂಟಿಂಗ್ ಕುಯ್ದು ಬೆಸೆಯಬೇಕು. ಕೊಳವೆಯನ್ನ ಸ್ಟೀರಿಂಗಿನ ಕಂಬ ತಪ್ಪಿಸಿ ಬಗ್ಗಿಸಬೇಕು, ಕೇಬಲ್ಲಿಗೆ ತಗಡಲ್ಲಿ ಹೊಸ ತೂತು ಕೊರೆದು, ಹಳೇ ತೂತಿಗೆ ಬಿರಡೆ ಹಾಕಬೇಕು. ಅಷ್ಟನ್ನೂ ಈ ಶೆಡ್ಡಲ್ಲಿ ಒಬ್ಬರೇ ಮಾಡಿದ್ದು. ನೋಡಿ, ಕೊಳವೆಯ ಜೋಡಣೆ ಸರಿಯಾಗಿ ಆ ತೂತಿನ ಎದುರಿಗೇ ಇದೆ. ಅದನ್ನ ಬಿಗಿದಿಡೋ ಕ್ಲಾಂಪಿನ ಬೋಲ್ಟು ತುಕ್ಕು ಹಿಡಿದಿದೆ, ನಟ್ಟು ಮೊದಲು ಕೂತಿದ್ದಷ್ಟು ಜಾಗ ಮಾತ್ರ ಹೊಳೀತಿದೆ. ತಾನಾಗಿ ಸಡಿಲಾಗಿದ್ರೆ ನಟ್ಟಿನ ಮೂಲೇಲಿ ಪಾನಾ ಹಚ್ಚಿದ ಹೊಸ ಗೀರು ಇರ್ತಿರಲಿಲ್ಲ."

"ಹಾಗಂತ ನಾನೇ ಅಂತ ಹೇಗೆ ಹೇಳ್ತೀರಿ?" ಚಿಕ್ಕಪ್ಪನ ನಗು ಇನ್ನೂ ಪೂರ್ತಿ ಆರಿರಲಿಲ್ಲ. "ನಿನ್ನೆ ಇವರನ್ನ ಉಳಿಸಿದ್ದೇ ನಾನು."

"ಹೌದು. ಅದಕ್ಕೆ ನಾನು ಬದುಕಿರೋವರೆಗೂ ನಿಮಗೆ ಋಣಿ," ಅಂದರು ಅತ್ತಿಗೆ. "ಆದ್ರೆ ಕೇಳಿ. ಇವಳು ಮೂರ್ಛೆ ಹೋಗ್ತಿದ್ದಳು. ಹೃದಯವೋ ಹೆದರಿಕೆಯೋ ಯಾರಿಗೂ ಗೊತ್ತಿರಲಿಲ್ಲ. ವಿಷದ ಗಾಳಿ ಅಂತ ನಾನು ಬಾಯಿ ಬಿಟ್ಟಿರಲಿಲ್ಲ. ನೀವು ಗಾಜಿನಾಚೆಯಿಂದ ನೋಡಿದ್ರಿ, ಎಂಜಿನ್ ನಿಲ್ಲಿಸಿದ್ರಿ, ಗಾಳಿ ಬರಲಿ ಅಂದ್ರಿ, ಒಳಗೆ ತಲೆ ಹಾಕ್ಬೇಡಿ ಅಂದ್ರಿ. ಪರಿಚಯ ಇಲ್ಲದೋರಿಗೆ ಆದಾಗ ಒಂದೇ ನೋಟಕ್ಕೆ ಗೊತ್ತಾದದ್ದು, ಸ್ವಂತ ಅಣ್ಣನ ಮಗಳು ಮೂರು ಸಲ ಬಂದು ಹೇಳ್ಕೊಂಡಾಗ ಯಾಕೆ ಗೊತ್ತಾಗಲಿಲ್ಲ? ಅವಳಿಗೆ ಮಾತ್ರ ಭ್ರಮೆ, ನರದ ದೌರ್ಬಲ್ಯ ಅಂದ್ರಲ್ಲ?"

ಚಿಕ್ಕಪ್ಪ ಕೈ ಹಿಂದಕ್ಕೆ ಚಾಚಿ ಗೋಡೆ ಹುಡುಕಿದರು. ಆಮೇಲೆ ಅಲ್ಲೇ ಮರದ ಪೆಟ್ಟಿಗೆಯ ಮೇಲೆ ಕುಸಿದು ಕೂತರು.

"ಸಾಯಿಸ್ಬೇಕು ಅಂತ ಇರಲಿಲ್ಲ," ಅಂದರು. "ಹೆದರಿಸ್ಬೇಕು ಅಂತಿತ್ತು. ಹೆದರಿ ರೇಸು ಬಿಡ್ತಾಳೆ, ಕಾರು ಮೂಲೆಗೆ ಹಾಕ್ತಾಳೆ ಅಂದ್ಕೊಂಡೆ."

"ಅಪ್ಪನ ಎಂಜಿನ್ ಎಲ್ಲಿ ಚಿಕ್ಕಪ್ಪ?" ವೈದ್ಯೆಯ ದನಿ ಚಿಕ್ಕ ಹುಡುಗಿಯ ದನಿಯಂತಿತ್ತು.

"ಮಾರಿದೆ. ಇಂಥದೇ ಕಾರು ಇಟ್ಕೊಂಡಿರೋ ಒಬ್ಬ, ಎಂಜಿನ್ ಇಲ್ಲದೆ ವರ್ಷಗಟ್ಟಲೆ ಹುಡುಕ್ತಿದ್ದ. ಕೇಳಿದಷ್ಟು ಕೊಟ್ಟ." ಅವರು ಮೊದಲ ಬಾರಿಗೆ ಅವಳ ಮುಖ ನೋಡಿದರು. "ಆ ಎಂಜಿನ್ನ ಪ್ರತಿ ರೇಸಿಗೂ ಬಿಚ್ಚಿ ಕಟ್ಟಿದ್ದು ನಾನು. ಗೆದ್ದ ಕಪ್ಪುಗಳ ಮೇಲೆಲ್ಲ ನಿಮ್ಮಪ್ಪನ ಹೆಸರು. ಉಯಿಲಲ್ಲೂ ಕಾರು ನಿನಗೆ. ನನಗೆ ಈ ಪಾನಾಗಳು. ಅದರಲ್ಲಿ ನನ್ನದೂ ಒಂದು ಪಾಲು ಇತ್ತು ಅಂತ ಯಾರಿಗೂ ಅನ್ನಿಸಲಿಲ್ಲ."

"ಕೇಳಿದ್ರೆ ಕೊಡ್ತಿದ್ದೆ," ಅಂದಳು ಅವಳು. "ಕಾರೇ ಕೊಡ್ತಿದ್ದೆ."

ನಾದಿನಿ ಚಿಕ್ಕಪ್ಪನ ಮುಖವನ್ನೇ ನೋಡುತ್ತಿದ್ದಳು. ಗಾಜಿನಾಚೆ ಒಂದು ಗಳಿಗೆ ನಿಂತಿದ್ದು ಇದೇ ಮುಖ. ಆ ಗಳಿಗೆಯಲ್ಲಿ ಅವರು ಏನು ಯೋಚಿಸಿದ್ದರೆಂದು ಕೇಳಬೇಕು ಅನ್ನಿಸಿತು, ಆದರೆ ಉತ್ತರ ಕೇಳುವ ಧೈರ್ಯ ಅವಳಿಗೆ ಬರಲಿಲ್ಲ.

ಅತ್ತಿಗೆ ಮೊದಲೇ ಠಾಣೆಗೆ ತಿಳಿಸಿದ್ದರು. ಜೀಪು ಬಂದಾಗ ಚಿಕ್ಕಪ್ಪ ತಾವಾಗಿಯೇ ಎದ್ದು ನಡೆದರು. ಪಿಸ್ಟನ್ ಮಾಮ ಬಾನೆಟ್ ಇಳಿಸಿ, ಯಾರ ಮುಖವನ್ನೂ ನೋಡದೆ ಹೊರಟುಹೋದರು.

ಮೇಷ್ಟ್ರು ಮಾತ್ರ ಇದ್ದಲ್ಲೇ ಇದ್ದರು. ಅವರಿಗೆ ಕೋಪ ಬಂದಿದೆ ಎಂದು ನಾದಿನಿ ಅಂದುಕೊಂಡಳು. ಆದರೆ ಅವರು ಹೆಂಡತಿಯ ಹತ್ತಿರ ಬಂದು ಮೆಲ್ಲಗೆ ಕೇಳಿದ್ದು ಇಷ್ಟೇ:

"ಇಷ್ಟು ದಿನ ನನ್ನ ಪಕ್ಕದಲ್ಲಿ ಹೇಗೆ ನಿದ್ದೆ ಮಾಡ್ತಿದ್ದೆ?"

"ಮಾಡ್ತಿರಲಿಲ್ಲ," ಅಂದಳು ವೈದ್ಯೆ. "ಕಣ್ಣು ಮುಚ್ಚಿಕೊಂಡು ನಿಮ್ಮ ಉಸಿರು ಕೇಳ್ತಿದ್ದೆ. ನೀವು ನಿದ್ದೆ ಹೋದ್ರೋ ಇಲ್ಲವೋ ಅಂತ."

"ನಾನೂ ಅದೇ ಮಾಡ್ತಿದ್ದೆ," ಅಂದರು ಮೇಷ್ಟ್ರು. "ನೀನು ಉಸಿರಾಡ್ತಿದ್ದೀಯೋ ಇಲ್ಲವೋ ಅಂತ."

ಅತ್ತಿಗೆ ನಾದಿನಿಯ ತೋಳು ಹಿಡಿದು ಎಬ್ಬಿಸಿದರು. ಇಬ್ಬರೂ ಹಿತ್ತಲು ದಾಟಿ, ಸದ್ದಾಗದಂತೆ ಗೇಟು ಎಳೆದುಕೊಂಡು ಬೀದಿಗಿಳಿದರು.